ನರ ಫಿಜಿಯೊಥೆರಪಿ: ಒಬ್ಬೊಬ್ಬರೇ ದುಡಿದರೆ ಸಾಲದು

ಮಿದುಳು, ಬೆನ್ನುಹುರಿ ಅಥವಾ ನರಗಳಿಗೆ ಪೆಟ್ಟಾಗಿ ಚಲನೆ ಕಳೆದುಕೊಂಡವರಿಗೆ ಮತ್ತೆ ಏಳಲು, ಕೂರಲು, ನಡೆಯಲು, ಕೈಯಲ್ಲಿ ಲೋಟ ಹಿಡಿಯಲು ಕಲಿಸುವ ಚಿಕಿತ್ಸೆಯೇ ನರ ಫಿಜಿಯೊಥೆರಪಿ. ಲಕ್ವ ಹೊಡೆದವರು, ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದವರು, ಬೆನ್ನುಹುರಿಗೆ ಗಾಯವಾದವರು, ಪಾರ್ಕಿನ್ಸನ್ ಕಾಯಿಲೆಯವರು, ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳು ಇದರ ಆಸರೆ ಬೇಡುವವರು. ಮುರಿದ ಮೂಳೆ ಕೂಡಿಕೊಳ್ಳಲು ಸಾಮಾನ್ಯವಾಗಿ ಕೆಲವು ವಾರ ಸಾಕು. ಲಕ್ವದ ಚೇತರಿಕೆ ಮಾತ್ರ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ನಡೆಯುತ್ತದೆ. ಅಷ್ಟೂ ಕಾಲ ರೋಗಿ ಒಬ್ಬರೇ ಫಿಜಿಯೊಥೆರಪಿಸ್ಟರ ಕೈಯಲ್ಲಿ ಇರುವುದಿಲ್ಲ. ಆಸ್ಪತ್ರೆಯ ವಾರ್ಡಿನಿಂದ ಹೊರರೋಗಿ ವಿಭಾಗಕ್ಕೆ, ಅಲ್ಲಿಂದ ಬಡಾವಣೆಯ ಕ್ಲಿನಿಕ್ಕಿಗೆ, ಕೊನೆಗೆ ಮನೆಗೇ ಬಂದು ವ್ಯಾಯಾಮ ಮಾಡಿಸುವವರಿಗೆ ಆತನ ಜವಾಬ್ದಾರಿ ದಾಟುತ್ತ ಹೋಗುತ್ತದೆ. ಆದ್ದರಿಂದ ಈ ವೃತ್ತಿಯಲ್ಲಿ ಒಬ್ಬರ ಜಾಣ್ಮೆ ಎಷ್ಟು ಮುಖ್ಯವೋ ಎಲ್ಲರ ನಡುವಿನ ಹೊಂದಾಣಿಕೆಯೂ ಅಷ್ಟೇ ಮುಖ್ಯ.

ಹುಬ್ಬಳ್ಳಿ–ಧಾರವಾಡದಲ್ಲಿ ಈ ಸರಪಳಿಯ ಕೊಂಡಿಗಳೆಲ್ಲ ಇವೆ. ವಿದ್ಯಾನಗರದಲ್ಲಿ, ಜನ ಇಂದಿಗೂ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಸಂಸ್ಥೆ ಇದೆ. ಗದಗ, ಹಾವೇರಿ, ಕೊಪ್ಪಳ, ಬಾಗಲಕೋಟೆ, ಉತ್ತರ ಕನ್ನಡದ ರೋಗಿಗಳು ಬಂದು ಸೇರುವುದು ಅಲ್ಲಿಗೇ. ಸತ್ತೂರಿನ ಎಸ್‌ಡಿಎಂ ಆವರಣದಲ್ಲಿ ಆಸ್ಪತ್ರೆಯ ಜೊತೆಗೆ ಫಿಜಿಯೊಥೆರಪಿ ಕಾಲೇಜೂ ಇದೆ. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾದ ಡಿಮ್ಹಾನ್ಸ್ ಇದೆ. ವಿದ್ಯಾನಗರ, ಸತ್ತೂರು, ಧಾರವಾಡ ಮೂರನ್ನೂ ಚಿಗರಿ ಬಸ್ಸು ಒಂದೇ ದಾರಿಯಲ್ಲಿ ಜೋಡಿಸುತ್ತದೆ. ಕಷ್ಟ ಶುರುವಾಗುವುದು ರೋಗಿ ಡಿಸ್ಚಾರ್ಜ್ ಆಗಿ ಊರಿಗೆ ಹೋದ ಮೇಲೆ. ಆತ ಬೆಂಗೇರಿಗೆ ಹೋಗಬಹುದು, ನವಲಗುಂದಕ್ಕೆ ಹೋಗಬಹುದು, ಕಲಘಟಗಿಯ ಹಳ್ಳಿಗೂ ಹೋಗಬಹುದು. ಕೈಯಲ್ಲಿರುವ ಡಿಸ್ಚಾರ್ಜ್ ಚೀಟಿಯಲ್ಲಿ ರಕ್ತದೊತ್ತಡದ ಮಾತ್ರೆಯ ವಿವರ ಇರುತ್ತದೆ. ಚಲನೆಯ ಬಗ್ಗೆ ಹೆಚ್ಚೆಂದರೆ ‘ಫಿಜಿಯೊಥೆರಪಿ ಮುಂದುವರಿಸಿ’ ಎಂಬ ಒಂದು ಸಾಲು. ಯಾವ ಹಂತದವರೆಗೆ ಬಂದಿದ್ದಾನೆ, ಏನು ಮಾಡಿಸಬೇಕು, ಏನು ಮಾಡಿಸಲೇಬಾರದು ಎಂಬುದನ್ನು ಮುಂದಿನವರು ಮೊದಲಿನಿಂದ ಹುಡುಕಿಕೊಳ್ಳಬೇಕು.

ಹೀಗೆ ಒಂಟಿಯಾಗಿ ದುಡಿಯುವ ಚಿಕಿತ್ಸಕರಿಗೆ ಎದುರಾಗುವ ಇನ್ನೊಂದು ತೊಡಕು, ಕಾಲೇಜಿನಲ್ಲಿ ಕಲಿತದ್ದು ಬೇಗ ಹಳತಾಗುವುದು. 1940ರ ದಶಕದಲ್ಲಿ ಲಂಡನ್ನಿನಲ್ಲಿ ಬರ್ಟಾ ಮತ್ತು ಕಾರೆಲ್ ಬೊಬಾತ್ ದಂಪತಿ ರೂಪಿಸಿದ ಪದ್ಧತಿ ದಶಕಗಳ ಕಾಲ ಈ ಕ್ಷೇತ್ರವನ್ನು ಆಳಿತು. ಸ್ನಾಯುವಿನ ಅಸಹಜ ಬಿಗಿತವನ್ನು ತಡೆದು, ಚಿಕಿತ್ಸಕರ ಕೈಯಾಸರೆಯಲ್ಲಿ ಸಹಜ ಚಲನೆಯನ್ನು ಹೊರತರುವುದು ಅದರ ತಿರುಳು. 1980ರ ದಶಕದಲ್ಲಿ ಆಸ್ಟ್ರೇಲಿಯದ ಜ್ಯಾನೆಟ್ ಕಾರ್ ಮತ್ತು ರಾಬರ್ಟಾ ಶೆಫರ್ಡ್ ಬೇರೆ ದಾರಿ ತೋರಿಸಿದರು: ರೋಗಿ ನಿತ್ಯ ಮಾಡಬೇಕಾದ ಕೆಲಸವನ್ನೇ ಬಿಡಿಬಿಡಿಯಾಗಿ ಅಭ್ಯಾಸ ಮಾಡಿಸಿ, ಮತ್ತೆ ಪೂರ್ತಿಯಾಗಿ ಮಾಡಿಸಬೇಕು. ಮಿದುಳು ಹೊಸ ದಾರಿ ಕಟ್ಟಿಕೊಳ್ಳುವುದು ಪುನರಾವರ್ತನೆಯಿಂದ ಎಂಬುದು ಈಗ ಬಹುಮಟ್ಟಿಗೆ ಒಪ್ಪಿತ ಮಾತು. ಆದರೆ 2009ರಲ್ಲಿ ಪ್ರಕಟವಾದ ಅಮೆರಿಕ–ಕೆನಡಾದ ಒಂದು ಅಧ್ಯಯನದ ಪ್ರಕಾರ, ಕೈಯ ಉಪಯುಕ್ತ ಚಲನೆಗಳನ್ನು ಮಾಡಿಸುವ ಒಂದು ಸರದಿಯಲ್ಲಿ ರೋಗಿ ಅವನ್ನು ಮಾಡುತ್ತಿದ್ದುದು ಸರಾಸರಿ 32 ಸಲ ಮಾತ್ರ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಮಿದುಳಿನ ಬದಲಾವಣೆಗೆ ನೂರಾರು ಪುನರಾವರ್ತನೆ ಬೇಕಾಗಿತ್ತು.

‘ಬೇಗ ಎಬ್ಬಿಸಿದಷ್ಟೂ ಒಳ್ಳೆಯದು’ ಎಂಬ ನಂಬಿಕೆಗೂ ತಿದ್ದುಪಡಿ ಬಂತು. ಅವರ್ಟ್ ಎಂಬ ಅಂತರರಾಷ್ಟ್ರೀಯ ಪ್ರಯೋಗದ ಫಲಿತಾಂಶ 2015ರಲ್ಲಿ ಹೊರಬಿತ್ತು. 2,104 ರೋಗಿಗಳಲ್ಲಿ ಕೆಲವರನ್ನು ಲಕ್ವ ಹೊಡೆದ 24 ಗಂಟೆಯೊಳಗೆ ಹಾಸಿಗೆಯಿಂದ ಎಬ್ಬಿಸಿ ಹೆಚ್ಚು ಹೊತ್ತು ಚಟುವಟಿಕೆ ಮಾಡಿಸಲಾಗಿತ್ತು. ಮೂರು ತಿಂಗಳ ನಂತರ ನೋಡಿದಾಗ, ಸಾಮಾನ್ಯ ಆರೈಕೆ ಪಡೆದವರಿಗಿಂತ ಇವರಲ್ಲಿ ಚೆನ್ನಾಗಿ ಚೇತರಿಸಿಕೊಂಡವರ ಪ್ರಮಾಣ ಕಡಿಮೆಯಿತ್ತು. ಭಾರತದ 14 ಕೇಂದ್ರಗಳಲ್ಲಿ 1,250 ರೋಗಿಗಳ ಮೇಲೆ ನಡೆದ ಅಟೆಂಡ್ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ಮನೆಯವರಿಗೇ ತರಬೇತಿ ಕೊಟ್ಟು ಪುನಶ್ಚೇತನ ನಡೆಸಿದರೆ ಸಾವು ಮತ್ತು ಪರಾವಲಂಬನೆ ತಗ್ಗುತ್ತದೆಯೇ ಎಂಬುದು ಅದರ ಪ್ರಶ್ನೆ. ಆರು ತಿಂಗಳ ಕೊನೆಗೆ ಎರಡೂ ಗುಂಪುಗಳ ಅಂಕಿ ಶೇ 47. ಮನೆಯವರಿಗೆ ಹೇಳಿಕೊಟ್ಟು ಕಳಿಸಿದರೆ ಸಾಕು ಎಂಬ ಅಗ್ಗದ ಲೆಕ್ಕಾಚಾರಕ್ಕೆ ಅಲ್ಲಿ ಬೆಂಬಲ ಸಿಗಲಿಲ್ಲ.

ಈ ತಿಳಿವಳಿಕೆ ತಲುಪದಿದ್ದರೆ ಏನಾಗುತ್ತದೆ ಎಂಬುದಕ್ಕೆ ಭುಜ ಒಳ್ಳೆಯ ಉದಾಹರಣೆ. ಲಕ್ವದ ಮೊದಲ ವಾರಗಳಲ್ಲಿ ಭುಜದ ಸುತ್ತಲಿನ ಸ್ನಾಯುಗಳು ಸಡಿಲವಾಗಿರುತ್ತವೆ. ತೋಳಿನ ಭಾರಕ್ಕೆ ಕೀಲು ಕೆಳಗೆ ಜಾರುತ್ತದೆ. ಭುಜದ ತುದಿಯ ಕೆಳಗೆ ಬೆರಳಿಟ್ಟರೆ ಒಂದು ತಗ್ಗು ಸಿಗುತ್ತದೆ. ಆ ಹೊತ್ತಿನಲ್ಲಿ ರೋಗಿಯನ್ನು ಎಬ್ಬಿಸಲು ಸೋತ ಕೈಯನ್ನೇ ಹಿಡಿದು ಎಳೆದರೆ ಕೀಲಿನ ಸುತ್ತಲಿನ ಮೃದು ಭಾಗಗಳಿಗೆ ಪೆಟ್ಟಾಗುತ್ತದೆ. ಜಂತಿಗೆ ಗಡಗಡಿ ಕಟ್ಟಿ, ಹಗ್ಗದ ಒಂದು ತುದಿಯನ್ನು ಒಳ್ಳೆಯ ಕೈಯಲ್ಲಿ ಎಳೆದು ಸೋತ ಕೈಯನ್ನು ಮೇಲೆತ್ತುವ ವ್ಯಾಯಾಮ ಅನೇಕ ಮನೆಗಳಲ್ಲಿ, ಕ್ಲಿನಿಕ್ಕುಗಳಲ್ಲಿ ರೂಢಿಯಲ್ಲಿದೆ. 1990ರಷ್ಟು ಹಿಂದೆಯೇ 28 ರೋಗಿಗಳ ಸಣ್ಣ ಅಧ್ಯಯನವೊಂದು, ಗಡಗಡಿ ಬಳಸಿದವರಲ್ಲಿ ಶೇ 62ರಷ್ಟು ಜನರಿಗೆ ಭುಜದ ನೋವು ಬಂದದ್ದನ್ನು, ಚಿಕಿತ್ಸಕರೇ ಕೈ ಆಡಿಸಿದವರಲ್ಲಿ ಅದು ಶೇ 8 ಮಾತ್ರ ಇದ್ದುದನ್ನು ದಾಖಲಿಸಿತ್ತು. ಭುಜ ನೋಯತೊಡಗಿದರೆ ರೋಗಿ ಕೈ ಮುಟ್ಟಗೊಡುವುದಿಲ್ಲ, ಅಭ್ಯಾಸ ನಿಲ್ಲುತ್ತದೆ, ಕೈ ಮಡಚಿಕೊಂಡೇ ಬಿಗಿಯುತ್ತದೆ. ವಾರ್ಡಿನಿಂದ ಬರುವ ಚೀಟಿಯಲ್ಲಿ ‘ಗಡಗಡಿ ಬೇಡ, ಕೈ ಎಳೆಯಬೇಡಿ, ಕೂತಾಗ ತೋಳಿಗೆ ದಿಂಬಿನ ಆಸರೆ ಕೊಡಿ’ ಎಂದು ಬರೆದಿದ್ದರೆ ತಪ್ಪಬಹುದಾದ ಹಾನಿ ಇದು.

ವಿಧಿವತ್ತಾದ ಶಿಕ್ಷಣ ಒಂದು ಹಂತದವರೆಗೆ ನೆರವಾಗುತ್ತದೆ. ಭಾರತದ ಮೊದಲ ಫಿಜಿಯೊಥೆರಪಿ ಶಾಲೆ 1950ರ ದಶಕದ ಆರಂಭದಲ್ಲಿ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ, ಪೋಲಿಯೊ ಹಾವಳಿಯ ಹಿನ್ನೆಲೆಯಲ್ಲಿ ಹುಟ್ಟಿತು. ಭಾರತೀಯ ಫಿಜಿಯೊಥೆರಪಿಸ್ಟರ ಸಂಘ 1955ರದು. ಕರ್ನಾಟಕದಲ್ಲಿ ಫಿಜಿಯೊಥೆರಪಿ ಪದವಿ (ಬಿಪಿಟಿ) ಮುಗಿಸಿದವರು ಎರಡು ವರ್ಷದ ಸ್ನಾತಕೋತ್ತರ ಪದವಿಯಲ್ಲಿ (ಎಂಪಿಟಿ) ನರ ವಿಭಾಗವನ್ನೇ ಆರಿಸಿಕೊಂಡು ಓದಬಹುದು. ಹೀಗಿದ್ದೂ ಈ ವೃತ್ತಿಗೆ ರಾಷ್ಟ್ರಮಟ್ಟದ ಶಾಸನಬದ್ಧ ಚೌಕಟ್ಟು ಸಿಕ್ಕದ್ದು 2021ರಲ್ಲಿ, ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಬಂದಾಗ. ಕಾಯ್ದೆ ನೋಂದಣಿ ಪುಸ್ತಕ ತೆರೆಯುತ್ತದೆ, ಪಠ್ಯಕ್ರಮಕ್ಕೆ ಏಕರೂಪ ತರುತ್ತದೆ. ಪದವಿ ಪಡೆದು ಹತ್ತು ವರ್ಷವಾದವರು ಇಂದು ಏನು ಓದುತ್ತಿದ್ದಾರೆ ಎಂಬುದು ನೋಂದಣಿಯಿಂದಷ್ಟೇ ತಿಳಿಯುವುದಿಲ್ಲ. ಅದಕ್ಕೆ ನಿರಂತರ ಕಲಿಕೆಯ ವ್ಯವಸ್ಥೆ ಬೇಕು.

ಈಗ ಆ ಕಲಿಕೆ ಬಹುಪಾಲು ವಾರಾಂತ್ಯದ ಕಾರ್ಯಾಗಾರಗಳ ರೂಪದಲ್ಲಿ ನಡೆಯುತ್ತದೆ. ಬೆಂಗಳೂರು, ಪುಣೆ, ಮುಂಬೈಗೆ ಹೋಗಿ, ಶುಲ್ಕ ಕಟ್ಟಿ, ಎರಡು ದಿನ ಕೂತು, ಪ್ರಮಾಣಪತ್ರ ಹಿಡಿದು ಬರಬೇಕು. ಹೊಸ ತಂತ್ರ ಕಲಿಯಲು ಅದು ಸರಿಯೇ. ಆದರೆ ಸೋಮವಾರ ಬೆಳಿಗ್ಗೆ ಎದುರಿಗೆ ಬಂದು ಕೂರುವ ರೋಗಿಗೆ ಅದು ಹೊಂದುತ್ತದೆಯೇ ಎಂದು ಕೇಳಲು ಹತ್ತಿರದಲ್ಲಿ ಯಾರೂ ಇರುವುದಿಲ್ಲ. ದಿನಗೂಲಿಯಂತೆ ರೋಗಿಯ ಲೆಕ್ಕದಲ್ಲಿ ಗಳಿಸುವ ಸಣ್ಣ ಕ್ಲಿನಿಕ್ಕಿನವರಿಗೆ ಎರಡು ದಿನ ಬಾಗಿಲು ಹಾಕುವುದೇ ನಷ್ಟ.

ಪ್ರಾದೇಶಿಕ ಜಾಲದ ಉಪಯೋಗ ಇಲ್ಲಿದೆ. ಬ್ರಿಟನ್ನಿನಲ್ಲಿ 1981ರಲ್ಲಿ ಹುಟ್ಟಿದ ನರ ಫಿಜಿಯೊಥೆರಪಿಸ್ಟರ ಸಂಘ ಆಕ್ಪಿನ್, ರಾಷ್ಟ್ರೀಯ ಸಮ್ಮೇಳನದ ಜೊತೆಗೆ ಪ್ರದೇಶವಾರು ಶಾಖೆಗಳ ಮೂಲಕವೂ ಕೆಲಸ ಮಾಡುತ್ತದೆ. ಆಯಾ ಭಾಗದವರು ಆಗಾಗ ಒಂದೆಡೆ ಸೇರಿ ಉಪನ್ಯಾಸ ಕೇಳುತ್ತಾರೆ, ಪ್ರಾತ್ಯಕ್ಷಿಕೆ ನೋಡುತ್ತಾರೆ. ದೂರದ ಊರುಗಳನ್ನು ಜೋಡಿಸಲು ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಡಾ. ಸಂಜೀವ್ ಅರೋರಾ 2003ರಲ್ಲಿ ಆರಂಭಿಸಿದ ಎಕೋ ಮಾದರಿಯೂ ಇದೆ. ದೊಡ್ಡ ಕೇಂದ್ರದ ತಜ್ಞರು, ಸಣ್ಣ ಊರುಗಳ ವೈದ್ಯರು ವಿಡಿಯೊದಲ್ಲಿ ಕೂಡಿ ನಿಜವಾದ ರೋಗಿಗಳ ಪ್ರಕರಣ ಚರ್ಚಿಸುವುದು ಅದರ ಕ್ರಮ. ಬೆಂಗಳೂರಿನ ನಿಮ್ಹಾನ್ಸ್ ಇದನ್ನು ಮಾನಸಿಕ ಆರೋಗ್ಯ ಮತ್ತು ವ್ಯಸನ ಚಿಕಿತ್ಸೆಯ ತರಬೇತಿಯಲ್ಲಿ ಬಳಸಿದೆ. ಅದೇ ನಿಮ್ಹಾನ್ಸ್ ರಾಜ್ಯ ಸರ್ಕಾರದೊಂದಿಗೆ 2022ರಲ್ಲಿ ಆರಂಭಿಸಿದ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮ ಜಿಲ್ಲಾ ಆಸ್ಪತ್ರೆಗಳಿಗೆ ನರರೋಗ ಚಿಕಿತ್ಸೆಯನ್ನು ತಲುಪಿಸುವ ಗುರಿ ಹೊಂದಿದೆ. ರೋಗ ಪತ್ತೆಗೆ ಕಟ್ಟುತ್ತಿರುವ ಈ ದಾರಿಯಲ್ಲೇ ಪುನಶ್ಚೇತನವನ್ನೂ ಸಾಗಿಸಬಹುದು.

ಹುಬ್ಬಳ್ಳಿ–ಧಾರವಾಡ ಭಾಗಕ್ಕೆ ಇಂಥ ಜಾಲ ಕಟ್ಟಲು ಮೂರು ವಿಷಯ ಬೇಕು. ಮೊದಲನೆಯದು ತಿಂಗಳಿಗೊಂದು ಪ್ರಕರಣ ಸಭೆ. ಒಂದು ತಿಂಗಳು ವಿದ್ಯಾನಗರ, ಮುಂದಿನ ತಿಂಗಳು ಸತ್ತೂರು, ಆಮೇಲೆ ಗದಗ ಅಥವಾ ಹಾವೇರಿ ಎಂದು ಸರದಿ ಹಾಕಿಕೊಳ್ಳಬಹುದು. ಗೆದ್ದ ಪ್ರಕರಣದಷ್ಟೇ ಸೋತ ಪ್ರಕರಣವೂ ಅಲ್ಲಿ ಚರ್ಚೆಗೆ ಬರಬೇಕು. ಎರಡನೆಯದು ಒಂದೇ ಅಳತೆಗೋಲು. ‘ಸುಧಾರಿಸಿದೆ’ ಎಂಬ ಮಾತು ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಅರ್ಥ ಪಡೆಯುತ್ತದೆ. ಬರ್ಗ್ ಸಮತೋಲನ ಪರೀಕ್ಷೆಯಲ್ಲಿ 14 ಕೆಲಸಗಳಿಗೆ 56 ಅಂಕ. ಕುರ್ಚಿಯಿಂದ ಏಳುವುದು, ಕಣ್ಣು ಮುಚ್ಚಿ ನಿಲ್ಲುವುದು, ನೆಲದ ವಸ್ತು ಎತ್ತುವುದು ಇತ್ಯಾದಿ. ಕುರ್ಚಿ, ಅಳತೆಪಟ್ಟಿ, ಗಡಿಯಾರ, ಮೆಟ್ಟಿಲಿನಂಥ ಒಂದು ಮಣೆ ಇದ್ದರೆ ಯಾವ ಕ್ಲಿನಿಕ್ಕಿನಲ್ಲೂ ಮಾಡಬಹುದು. ಕಿಮ್ಸ್‌ನಲ್ಲಿ 21 ಅಂಕ ಪಡೆದವರು ಬೆಂಗೇರಿಯಲ್ಲಿ ಎರಡು ತಿಂಗಳ ನಂತರ 38ಕ್ಕೆ ಬಂದರೆ ಅದು ಎಲ್ಲರಿಗೂ ಅರ್ಥವಾಗುವ ಸುಧಾರಣೆ. ಮೂರನೆಯದು ಹಸ್ತಾಂತರದ ಚೀಟಿ: ಒಂದು ಪುಟ, ಕನ್ನಡದಲ್ಲಿ, ಈಗಿನ ಅಂಕ, ಮುಂದಿನ ಗುರಿ, ಎಚ್ಚರಿಕೆ.

ಗುರಿ ಎಂಬುದು ರೋಗಿಯ ಬದುಕಿನಿಂದಲೇ ಬರಬೇಕು. ಬೆಂಗೇರಿಯಲ್ಲಿ ರಾಷ್ಟ್ರಧ್ವಜ ತಯಾರಿಸುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವಿದೆ. ಅಲ್ಲಿ ದುಡಿಯುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಹೊಲಿಗೆಯೇ ಕಸುಬಾಗಿರುವ ಹೆಣ್ಣುಮಗಳೊಬ್ಬಳಿಗೆ ಎಡಗೈ ಸೋತಿದೆ ಎಂದಿಟ್ಟುಕೊಳ್ಳಿ. ದಿನವಿಡೀ ರಬ್ಬರ್ ಚೆಂಡು ಹಿಸುಕುವುದರಿಂದ ಅವಳಿಗೆ ಹೆಚ್ಚೇನೂ ದಕ್ಕದು. ಎರಡು ಬೆರಳಲ್ಲಿ ಬಟ್ಟೆಯ ಅಂಚು ಹಿಡಿಯುವುದು, ಅಂಗೈಯಿಂದ ಒತ್ತಿ ಬಟ್ಟೆಯನ್ನು ಸೂಜಿಯ ಕೆಳಗೆ ಸರಿಸುವುದು, ಬಾಬಿನ್ ತೆಗೆದು ಹಾಕುವುದು, ದಾರ ಕತ್ತರಿಸುವುದು, ಇವನ್ನೇ ನೂರಾರು ಸಲ ಮಾಡಬೇಕು. ಆಸ್ಪತ್ರೆಯಲ್ಲಿ ಹೊಲಿಗೆ ಯಂತ್ರ ಇರುವುದಿಲ್ಲ. ಮನೆಗೆ ಹೋಗುವ ಚಿಕಿತ್ಸಕರಿಗೆ ಅದು ಎದುರಿಗೇ ಕಾಣುತ್ತದೆ. ಇಬ್ಬರೂ ಮಾತಾಡಿಕೊಂಡರೆ ಮಾತ್ರ ವಾರ್ಡಿನ ವ್ಯಾಯಾಮ ಹೊಲಿಗೆ ಯಂತ್ರದ ಮುಂದಿನ ಅಭ್ಯಾಸವಾಗಿ ಮುಂದುವರಿಯುತ್ತದೆ.

ಜಾಲ ಫಿಜಿಯೊಥೆರಪಿಸ್ಟರಿಗೇ ನಿಲ್ಲಬೇಕಿಲ್ಲ. ಗ್ರಾಮ ಪಂಚಾಯಿತಿ ಮಟ್ಟದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಮತ್ತು ತಾಲ್ಲೂಕು ಮಟ್ಟದ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಅಂಗವಿಕಲರ ಮನೆ ಬಾಗಿಲಿಗೆ ಹೋಗುವವರು. ಭುಜದ ಆರೈಕೆ, ಹಾಸಿಗೆ ಹುಣ್ಣಿನ ತಡೆ, ಗಾಲಿಕುರ್ಚಿಗೆ ದಾಟಿಸುವ ಕ್ರಮ ಇವರಿಗೂ ಗೊತ್ತಿದ್ದರೆ ಫಿಜಿಯೊಥೆರಪಿಸ್ಟರೇ ಇಲ್ಲದ ಹಳ್ಳಿಯಲ್ಲೂ ಹಾನಿಯನ್ನಾದರೂ ತಡೆಯಬಹುದು.

ಅಡ್ಡಿಗಳು ಇಲ್ಲದಿಲ್ಲ. ರೋಗಿ ಕೈತಪ್ಪಿ ಹೋದಾನು ಎಂಬ ಅಂಜಿಕೆಯಿಂದ ಪಕ್ಕದ ಕ್ಲಿನಿಕ್ಕಿನವರೊಂದಿಗೆ ಪ್ರಕರಣ ಹಂಚಿಕೊಳ್ಳದವರಿದ್ದಾರೆ. ವಾಟ್ಸಾಪ್ ಗುಂಪಿನಲ್ಲಿ ರೋಗಿಯ ವಿಡಿಯೊ ಒಪ್ಪಿಗೆಯಿಲ್ಲದೆ ಓಡಾಡಿದರೆ ಅದು ಖಾಸಗಿತನದ ಉಲ್ಲಂಘನೆ. ಹೆಸರು, ಮುಖ ಮರೆಸಿ, ಲಿಖಿತ ಒಪ್ಪಿಗೆ ಪಡೆಯುವ ನಿಯಮ ಮೊದಲ ದಿನದಿಂದಲೇ ಇರಬೇಕು. ಎಲ್ಲಕ್ಕಿಂತ ದೊಡ್ಡ ಅಡ್ಡಿ ಸಮಯ. ಒಂದರ ಹಿಂದೆ ಒಂದರಂತೆ ರೋಗಿಗಳನ್ನು ನೋಡುವ ಸರ್ಕಾರಿ ಚಿಕಿತ್ಸಕರಿಗೆ ಸಭೆಗೆ ಹೋಗುವುದು ರಜೆ ಹಾಕಿಯೇ ಎಂದಾದರೆ ಯಾರೂ ಹೋಗುವುದಿಲ್ಲ.

ಆದ್ದರಿಂದ ಹೊಣೆ ಹಂಚಿಕೆಯಾಗಬೇಕು. ಆಸ್ಪತ್ರೆಗಳು ತಿಂಗಳಿಗೆ ಅರ್ಧ ದಿನವನ್ನು ಕರ್ತವ್ಯದ ಅವಧಿಯೆಂದೇ ಬಿಟ್ಟುಕೊಡಲಿ. ಕಾಲೇಜುಗಳು ತಮ್ಮ ಸಭಾಂಗಣ ಮತ್ತು ಗ್ರಂಥಾಲಯವನ್ನು ಹೊರಗಿನ ಚಿಕಿತ್ಸಕರಿಗೂ ತೆರೆಯಲಿ. 2021ರ ಕಾಯ್ದೆಯಡಿಯ ರಾಜ್ಯ ಪರಿಷತ್ತು ಊರಿನ ಪ್ರಕರಣ ಸಭೆಯ ಹಾಜರಿಯನ್ನೂ ವೃತ್ತಿ ಕಲಿಕೆಯ ಅಂಕವಾಗಿ ಪರಿಗಣಿಸಲಿ. ಇದಕ್ಕೆ ಹೊಸ ಕಟ್ಟಡ ಬೇಡ, ದೊಡ್ಡ ಅನುದಾನವೂ ಬೇಡ. ಲಕ್ವ ಹೊಡೆದವರ ಮನೆಯವರೂ ಒಂದು ಕೆಲಸ ಮಾಡಬಹುದು: ಆಸ್ಪತ್ರೆಯಿಂದ ಹೊರಡುವ ಮುನ್ನ ಮಾತ್ರೆಯ ಚೀಟಿಯ ಜೊತೆಗೆ ಚಲನೆಯ ಚೀಟಿಯನ್ನೂ ಕೇಳಿ ಪಡೆಯಬೇಕು.