ಬೆಂಕಿಪುರದ ಕುಲುಮೆ ಮತ್ತೆ ಉರಿಯುವುದೇ?

ಸಮಾಜ ವಿಜ್ಞಾನದ ಉತ್ತರ ಪತ್ರಿಕೆಗಳನ್ನು ತಿದ್ದುತ್ತಿದ್ದೆ. ಹೊಂದಿಸಿ ಬರೆಯುವ ಪ್ರಶ್ನೆ. ಎಡಗಡೆ ಕೋಲಾರ, ದಾಂಡೇಲಿ, ಭದ್ರಾವತಿ. ಬಲಗಡೆ ಕಾಗದ, ಚಿನ್ನ, ಕಬ್ಬಿಣ ಮತ್ತು ಉಕ್ಕು. ಒಬ್ಬಳು ಹುಡುಗಿ ಗೆರೆಗಳನ್ನು ಸರಿಯಾಗಿಯೇ ಎಳೆದು, ಭದ್ರಾವತಿಯ ಪಕ್ಕದಲ್ಲಿ ಪೆನ್ಸಿಲಿನಿಂದ 'ಈಗ ಇಲ್ಲ' ಎಂದು ಬರೆದಿದ್ದಳು. ಕೋಲಾರದ ಚಿನ್ನದ ಗಣಿ 2001ರಲ್ಲೇ ಮುಚ್ಚಿತು, ಅದರ ಪಕ್ಕ ಅವಳು ಏನೂ ಬರೆದಿರಲಿಲ್ಲ. ಭದ್ರಾವತಿ ಅವಳಿಗೆ ಪುಸ್ತಕದ ಊರಲ್ಲ, ಅಜ್ಜಿಯ ಊರು. ನಾನು ಕೆಂಪು ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತೆ. ಕಾರ್ಖಾನೆ ಇದೆ ಎಂದರೂ ಪೂರ್ತಿ ಸರಿಯಲ್ಲ, ಇಲ್ಲ ಎಂದರೂ ಪೂರ್ತಿ ಸರಿಯಲ್ಲ.

ನನ್ನ ಖಾಲಾ ಮದುವೆಯಾಗಿ ಹೋದದ್ದು ಅದೇ ಊರಿಗೆ. ಖಾಲೂ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಚಿಕ್ಕಂದಿನಲ್ಲಿ ರಜೆಗೆ ಹೋದರೆ ಅವರ ಮನೆಯ ಗಡಿಯಾರ ನೋಡುವ ಅಗತ್ಯವೇ ಇರಲಿಲ್ಲ. ಸೈರನ್ ಕೂಗಿದರೆ ಖಾಲಾ ಒಲೆಯ ಮೇಲೆ ಹೆಂಚು ಇಡುತ್ತಿದ್ದರು, ಇನ್ನೊಮ್ಮೆ ಕೂಗಿದರೆ ಟಿಫಿನ್ ಡಬ್ಬಿ ಮುಚ್ಚುತ್ತಿದ್ದರು. ಫಸ್ಟ್ ಶಿಫ್ಟು, ಸೆಕೆಂಡ್ ಶಿಫ್ಟು, ನೈಟ್ ಶಿಫ್ಟು. ಇಡೀ ಬೀದಿಯ ಅಡುಗೆ, ಮಕ್ಕಳ ನಿದ್ದೆ, ನೆಂಟರನ್ನು ಕರೆಯುವ ಹೊತ್ತು ಎಲ್ಲವೂ ಅದರ ಲೆಕ್ಕದಲ್ಲೇ ನಡೆಯುತ್ತಿತ್ತು.

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1918ರಲ್ಲಿ ಇಲ್ಲಿ ಕಾರ್ಖಾನೆಯ ಕೆಲಸ ಆರಂಭವಾಯಿತು. 1923ರ ಜನವರಿಯಲ್ಲಿ ಉತ್ಪಾದನೆ ಶುರುವಾಯಿತು. ಆಗ ಉರುವಲು ಕಲ್ಲಿದ್ದಲಲ್ಲ, ಸುತ್ತಲಿನ ಕಾಡಿನ ಮರವನ್ನು ಸುಟ್ಟು ಮಾಡಿದ ಇದ್ದಿಲು. ಅದಿರು ಬರುತ್ತಿದ್ದುದು ಕೆಮ್ಮಣ್ಣುಗುಂಡಿಯಿಂದ, ಅಂದರೆ ನಮ್ಮಲ್ಲಿ ಬಹಳ ಮಂದಿ ಬಾಬಾ ಬುಡನ್ ಅವರ ಹೆಸರಿನಿಂದಲೇ ಬಲ್ಲ ಅದೇ ಗಿರಿಶ್ರೇಣಿಯಿಂದ. ಬೆಟ್ಟದ ಮೇಲಿಂದ ಅದಿರಿನ ತೊಟ್ಟಿಗಳು ರೋಪ್‌ವೇಯಲ್ಲಿ ತೂಗುತ್ತಾ ಕೆಳಗಿಳಿಯುತ್ತಿದ್ದವು.

ಇವತ್ತಿನ ಸೋಲು ಈ ಕಾರ್ಖಾನೆಗೆ ಮೊದಲನೆಯದಲ್ಲ ಎಂಬುದನ್ನು ಬಹಳ ಜನ ಮರೆತಿದ್ದಾರೆ. ಆರಂಭದಲ್ಲೇ ಬೀಡು ಕಬ್ಬಿಣದ ಬೆಲೆ ಬಿದ್ದು ನಷ್ಟವಾಗಿ, ಇದು ರಾಜ್ಯಕ್ಕೆ ಹೊರೆ ಎಂಬ ಮಾತು ಬಂದಿತ್ತು. ಆಗ ಸರ್ ಎಂ. ವಿಶ್ವೇಶ್ವರಯ್ಯನವರು ಅಧ್ಯಕ್ಷರಾಗಿ ಬಂದು 1929ರವರೆಗೆ ಇದ್ದು ದಾರಿಗೆ ತಂದರು. ಆ ಸೇವೆಗಾಗಿ ಬಂದ ಹಣವನ್ನು ತಾವು ಇಟ್ಟುಕೊಳ್ಳದೆ, ಹುಡುಗರಿಗೆ ಕಸುಬು ಕಲಿಸುವ ಸಂಸ್ಥೆಗೆ ಕೊಡಿಸಿದರು. ಬೆಂಗಳೂರಿನ ಜಯಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ ಹುಟ್ಟಿದ್ದು ಹಾಗೆ. ಮುಂದೆ ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, 1930ರ ದಶಕದಲ್ಲಿ, ಕಬ್ಬಿಣದ ಜೊತೆಗೆ ಉಕ್ಕೂ ತಯಾರಾಗತೊಡಗಿತು, ಪಕ್ಕದಲ್ಲೇ ಕಾಗದದ ಕಾರ್ಖಾನೆಯೂ ಎದ್ದಿತು. ಕಾಡಿನ ಇದ್ದಿಲು ಸಾಲದೆ ಬಂದಾಗ, 1950ರ ದಶಕದಲ್ಲಿ ಜೋಗದ ವಿದ್ಯುತ್ತಿನಿಂದ ಕಬ್ಬಿಣ ಕರಗಿಸುವ ಕುಲುಮೆಗಳು ಬಂದವು. ಕಾಲ ಬದಲಾದಾಗಲೆಲ್ಲ ಅಲ್ಲಿನವರು ಒಲೆಯನ್ನು ಬದಲಿಸಿ ಬೆಂಕಿಯನ್ನು ಉಳಿಸಿಕೊಂಡಿದ್ದರು.

1989ರಲ್ಲಿ ಕಾರ್ಖಾನೆ ಕೇಂದ್ರದ ಉಕ್ಕು ಪ್ರಾಧಿಕಾರದ ಕೈಗೆ, ಅಂದರೆ ಸೇಲ್‌ಗೆ ಹೋಯಿತು. ಆಮೇಲೆ ಒಲೆ ಬದಲಿಸುವ ಕೆಲಸ ಆಗಬೇಕಾದಷ್ಟು ಆಗಲಿಲ್ಲ ಎಂಬುದು ನನ್ನ ತಿಳುವಳಿಕೆ. 2016ರಲ್ಲಿ ಮಾರಲು ತಾತ್ವಿಕ ಒಪ್ಪಿಗೆ ಸಿಕ್ಕಿತು. ಕೊಳ್ಳುವವರು ಸಾಕಷ್ಟು ಮುಂದೆ ಬರಲಿಲ್ಲವೆಂದು 2022ರಲ್ಲಿ ಆ ಯತ್ನವನ್ನೂ ಕೈಬಿಟ್ಟರು. 2023ರ ಜನವರಿಯಲ್ಲಿ, ಸರಿಯಾಗಿ ನೂರು ವರ್ಷ ತುಂಬಿದ ತಿಂಗಳಲ್ಲೇ, ಮುಚ್ಚುವ ತೀರ್ಮಾನ ಹೊರಬಿತ್ತು. ಸುಮಾರು 1,300 ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಧರಣಿ ಕೂತರು. ಹೆಂಗಸರೂ ಮಕ್ಕಳೂ ಬಂದು ಕೂತರು. ಅದೇ ವರ್ಷ ಆಗಸ್ಟಿನಲ್ಲಿ ಬಾರ್ ಮಿಲ್ ಮತ್ತೆ ತಿರುಗಿತು. ಊರಲ್ಲಿ ಸಿಹಿ ಹಂಚಿದರು.

ಆದರೆ ಆ ಸಿಹಿಯನ್ನು ಬಿಡಿಸಿ ನೋಡಬೇಕು. ಬಾರ್ ಮಿಲ್ ಎಂದರೆ ಬೇರೆ ಸ್ಥಾವರದಲ್ಲಿ ತಯಾರಾದ ಉಕ್ಕಿನ ಗಟ್ಟಿಗಳನ್ನು ತರಿಸಿ, ಕಾಯಿಸಿ, ಸರಳುಗಳಾಗಿ ಎಳೆಯುವುದು. ಪಕ್ಕದ ಮನೆಯಿಂದ ನಾದಿದ ಹಿಟ್ಟು ತಂದು ನಮ್ಮ ಮನೆಯಲ್ಲಿ ರೊಟ್ಟಿ ಲಟ್ಟಿಸಿದ ಹಾಗೆ. ಹಿಟ್ಟು ಬಂದ ದಿನ ಕೆಲಸ, ಬಾರದ ದಿನ ಇಲ್ಲ. ಅದಿರಿನಿಂದ ಕಬ್ಬಿಣ ತೆಗೆಯುವ ಊದುಕುಲುಮೆ, ಅಲ್ಲಿನವರ ಬಾಯಲ್ಲಿ ಬ್ಲಾಸ್ಟ್ ಫರ್ನೇಸ್, ತಣ್ಣಗಾಗಿ ವರ್ಷಗಳೇ ಆದವು. ಅದು ಬೇಕೆಂದಾಗ ಹಚ್ಚಿ ಬೇಡವೆಂದಾಗ ಆರಿಸುವ ಗ್ಯಾಸ್ ಒಲೆಯಲ್ಲ. ಹಗಲೂ ರಾತ್ರಿ ಉರಿಯುತ್ತಲೇ ಇರಬೇಕು. ಬಹಳ ಕಾಲ ಆರಿದರೆ ಒಳಗಿನ ಇಟ್ಟಿಗೆ ಬಿರಿಯುತ್ತದೆ, ತಳದಲ್ಲಿ ಉಳಿದ ಕಬ್ಬಿಣ ಬಂಡೆಯಾಗುತ್ತದೆ. ಮತ್ತೆ ಹಚ್ಚಬೇಕೆಂದರೆ ಹೆಚ್ಚುಕಡಿಮೆ ಹೊಸದಾಗಿಯೇ ಕಟ್ಟಿದಂತೆ.

ಹಚ್ಚಿದರೂ ಅದಿರು ಎಲ್ಲಿಂದ? ಕೆಮ್ಮಣ್ಣುಗುಂಡಿಯ ಗಣಿಗಾರಿಕೆ ನಿಂತುಹೋಗಿದೆ. ಆ ಕಾಡನ್ನು ಮತ್ತೆ ಅಗೆಯಬೇಕೆಂದು ಯಾರೂ ಕೇಳಬಾರದು ಕೂಡ. ಸಂಡೂರು ಕಡೆ ಸ್ವಂತ ಗಣಿ ಕೊಡಿಸುವ ಮಾತು ವರ್ಷಗಟ್ಟಲೆ ನಡೆಯಿತು. ಇನ್ನೊಂದು ಕಡೆ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಖಾಸಗಿ ಕಾರ್ಖಾನೆಯನ್ನು ನೋಡಿ: ಗಣಿಗಳ ಮಗ್ಗುಲಲ್ಲೇ ಇದ್ದು ವರ್ಷಕ್ಕೆ ಒಂದು ಕೋಟಿ ಟನ್ನಿಗೂ ಹೆಚ್ಚು ಉಕ್ಕು ಮಾಡುತ್ತದೆ. ಭದ್ರಾವತಿಯ ಸಾಮರ್ಥ್ಯ ಲಕ್ಷ ಟನ್ನುಗಳ ಲೆಕ್ಕದ್ದು. ಸಾಧಾರಣ ಕಬ್ಬಿಣದಲ್ಲಿ ಇವರಿಬ್ಬರಿಗೆ ಪೈಪೋಟಿ ಎಂಬುದೇ ಇಲ್ಲ.

2024ರ ಜೂನ್‌ನಲ್ಲಿ ಎಚ್.ಡಿ. ಕುಮಾರಸ್ವಾಮಿಯವರು ಕೇಂದ್ರದ ಉಕ್ಕು ಸಚಿವರಾದಾಗ ಭದ್ರಾವತಿಯಲ್ಲಿ ಆಸೆ ಚಿಗುರಿತು. ಅವರು ಕಾರ್ಖಾನೆಗೆ ಬಂದು ನೋಡಿ, ಪುನಶ್ಚೇತನದ ಮಾತಾಡಿದರು. ಸಾವಿರಾರು ಕೋಟಿಯ ಅಂದಾಜುಗಳು ಪತ್ರಿಕೆಗಳಲ್ಲಿ ಬಂದವು. 2025ರ ಜನವರಿಯಲ್ಲಿ ವಿಶಾಖಪಟ್ಟಣದ ಉಕ್ಕು ಕಾರ್ಖಾನೆಗೆ ಕೇಂದ್ರ 11,440 ಕೋಟಿ ರೂಪಾಯಿಯ ನೆರವು ಘೋಷಿಸಿದಾಗ, ನಮಗೇಕಿಲ್ಲ ಎಂದು ಇಲ್ಲಿನವರು ಕೇಳಿದ್ದರಲ್ಲಿ ತಪ್ಪಿಲ್ಲ. ಆದರೆ ವಿಶಾಖಪಟ್ಟಣದಲ್ಲಿ ಕುಲುಮೆಗಳಿನ್ನೂ ಜೀವಂತವಾಗಿದ್ದವು. ರೋಗಿಗೆ ಔಷಧಿ ಕೊಡುವುದು ಬೇರೆ.

ನನಗೆ ಕಾಣುವ ದಾರಿ ದೊಡ್ಡದನ್ನು ಬಿಟ್ಟು ವಿಶೇಷವಾದದ್ದನ್ನು ಹಿಡಿಯುವುದು. ಈ ಕಾರ್ಖಾನೆಗೆ ಹೆಸರು ಬಂದದ್ದು ಟನ್ನುಗಳಿಂದಲ್ಲ, ಮಿಶ್ರಲೋಹದ ಗಟ್ಟಿ ಉಕ್ಕಿನಿಂದ. ರೈಲ್ವೆಗೆ, ರಕ್ಷಣಾ ಇಲಾಖೆಗೆ, ವಾಹನಗಳಿಗೆ ಬೇಕಾಗುವ ಬಗೆ. ಅಂಥ ಉಕ್ಕನ್ನು ಗುಜರಿ ಕಬ್ಬಿಣ ಕರಗಿಸಿ ವಿದ್ಯುತ್ ಕುಲುಮೆಯಲ್ಲಿ ಮಾಡಬಹುದು. ಗಣಿಯನ್ನೂ ಕಾಡನ್ನೂ ಕಾಯಬೇಕಿಲ್ಲ. ಅದಕ್ಕೆ ಸಾವಿರಾರು ಜನ ಬೇಕಾಗುವುದಿಲ್ಲ ಎಂಬ ಕಹಿ ಸತ್ಯವನ್ನು ಮಾತ್ರ ಮೊದಲೇ ಹೇಳಬೇಕು. ಹೇಳದೆ ಪ್ರತಿ ಚುನಾವಣೆಗೂ ಸೈರನ್ ಕೂಗಿಸುತ್ತೇವೆ ಎನ್ನುವುದು ಆ ಮನೆಗಳಿಗೆ ಮಾಡುವ ಉಪಕಾರವಲ್ಲ. ಮಗನಿಗೆ ಯಾವ ಕಸುಬು ಕಲಿಸಬೇಕು, ಮಗಳ ಮದುವೆಗೆ ಸಾಲ ಮಾಡಬಹುದೇ, ಊರು ಬಿಡಬೇಕೇ ಎಂಬ ನಿರ್ಧಾರಗಳು ಆ ಒಂದು ಮಾತಿನ ಮೇಲೆ ನೇತಾಡುತ್ತಿರುತ್ತವೆ. ಕೋಟಿಯ ಲೆಕ್ಕ ಹೇಳುವವರನ್ನು ತಿಂಗಳಿಗೆ ಎಷ್ಟು ದಿನದ ಕೆಲಸ, ಎಷ್ಟು ಜನಕ್ಕೆ, ಎಷ್ಟು ವರ್ಷಕ್ಕೆ ಎಂದು ಮನೆ ನಡೆಸುವ ಹೆಂಗಸರೇ ಕೇಳಬೇಕಾಗಿದೆ.

ಕಳೆದ ಸಲ ಹೋದಾಗ ಖಾಲಾ ಬಿಸಿಲಿಗೆ ಕೂತು ಅಕ್ಕಿ ಆರಿಸುತ್ತಿದ್ದರು. ಮಗ ಐಟಿಐ ಮುಗಿಸಿ ಬೆಂಗಳೂರು ಸೇರಿದ್ದಾನೆ. ಸೊಸೆ ಬೀದಿಯವರ ಬಟ್ಟೆ ಹೊಲಿಯುತ್ತಾಳೆ. "ಫ್ಯಾಕ್ಟರಿ ಮತ್ತೆ ಶುರುವಾದರೆ ಮಗನನ್ನು ವಾಪಸ್ ಕರೆಸುತ್ತೀರಾ ಖಾಲಾ?" ಎಂದೆ. ಅವರು ಮೊರವನ್ನೊಮ್ಮೆ ಕೇರಿ, "ಮೊದಲು ಒಂದು ವರ್ಷ ನಿಲ್ಲದೆ ನಡೆಯಲಿ ಬೇಟಾ, ಆಮೇಲೆ ನೋಡೋಣ" ಎಂದರು.

ಆ ಹುಡುಗಿಗೆ ಪೂರ್ತಿ ಅಂಕ ಕೊಟ್ಟೆ. ಪೆನ್ಸಿಲಿನ ಬರಹವನ್ನು ಅಳಿಸಲಿಲ್ಲ.