ಹೊಸ್ತಿಲ ಬಳಿಯ ಜೀವ

ಉಡುಪಿಯ ಸಂತೆಕಟ್ಟೆಯಿಂದ ನೇಜಾರು ದಾಟಿ ಹೋದರೆ ಕೆಮ್ಮಣ್ಣು ಸಿಗುತ್ತದೆ. ಸ್ವರ್ಣಾ ನದಿ, ಕುದ್ರುಗಳು, ತೆಂಗಿನ ತೋಟಗಳು. ತೂಗುಸೇತುವೆ ನೋಡಲು ಬರುವವರಿಗೆ ಈ ಊರಿನ ಪರಿಚಯ ಇದ್ದೇ ಇದೆ. ನನ್ನ ಚಿಕ್ಕಮ್ಮನ ಮಗಳನ್ನು ಅಲ್ಲಿಗೆ ಮದುವೆ ಮಾಡಿಕೊಟ್ಟಿದ್ದಾರೆ. ಅವಳ ಗಂಡ ಹಲವು ವರ್ಷ ಗಲ್ಫ್‌ನಲ್ಲಿ ದುಡಿದು ಊರಿಗೆ ಮರಳಿದವರು. ಈಗ ತೋಟ ನೋಡಿಕೊಳ್ಳುತ್ತಾ, ಎರಡು ಹಸು, ಕೆಲವು ಆಡು, ಒಂದಷ್ಟು ಕೋಳಿಗಳನ್ನು ಸಾಕಿಕೊಂಡಿದ್ದಾರೆ.

ಎರಡು ಮಳೆಗಾಲಗಳ ಹಿಂದೆ ಅವರು ಪೇಟೆಯಿಂದ ಬರುವಾಗ ರಿಕ್ಷಾದಲ್ಲಿ ಒಂದು ನಾಯಿಯನ್ನು ತಂದರು. ಹೆದ್ದಾರಿಯ ಬದಿಯಲ್ಲಿ ವಾಹನ ಬಡಿದು ಬಿದ್ದಿದ್ದ ಹೆಣ್ಣು ನಾಯಿ. ಯಾರೋ ಅದನ್ನು ಮರಿಯಾಗಿದ್ದಾಗಲೇ ಅಲ್ಲಿ ಬಿಟ್ಟು ಹೋಗಿದ್ದರೆಂದು ಪಕ್ಕದ ಅಂಗಡಿಯವರು ಹೇಳಿದ್ದರಂತೆ. ಗಂಡು ಮರಿಯನ್ನು ಕೇಳಿ ಪಡೆಯುವವರಿದ್ದಾರೆ. ಹೆಣ್ಣು ಮರಿ ಗೋಣಿಚೀಲದಲ್ಲಿ ಸೇರಿ ಮೀನು ಮಾರುಕಟ್ಟೆಯ ಹಿಂದೆಯೋ ಸೇತುವೆಯ ಬಳಿಯೋ ಬೀಳುತ್ತದೆ. ಹೆಣ್ಣು ಎಂಬ ಒಂದೇ ಕಾರಣಕ್ಕೆ ಜೀವವನ್ನು ಬೇಡವೆನ್ನುವ ಅಭ್ಯಾಸ ಮನುಷ್ಯನಿಗೆ ಹೊಸದೇನೂ ಅಲ್ಲ.

ಪಶು ವೈದ್ಯರು ಕಾಲಿಗೆ ಪಟ್ಟಿ ಹಾಕಿದ್ದರು. ಚುಚ್ಚುಮದ್ದೂ ಆಗಿತ್ತು. ಆದರೆ ಮನೆಯ ಅಂಗಳದಲ್ಲಿ ರಿಕ್ಷಾ ನಿಂತ ಕೂಡಲೇ ನನ್ನ ತಂಗಿಯ ಅತ್ತೆ ಜಗಲಿಯಿಂದಲೇ ಕೇಳಿದರು:

"ನಮಾಝ್ ಮಾಡುವ ಮನೆಗೆ ನಾಯಿಯಾ?"

ಆ ತಾಯಿಯ ಮಾತಿನಲ್ಲಿ ಕ್ರೌರ್ಯವಿರಲಿಲ್ಲ. ನಾವೆಲ್ಲ ಚಿಕ್ಕಂದಿನಿಂದ ಕೇಳಿಕೊಂಡು ಬಂದ ಮಾತೇ ಅದು. ನಾಯಿ ಇರುವ ಮನೆಗೆ ಮಲಕ್‌ಗಳು ಪ್ರವೇಶಿಸುವುದಿಲ್ಲ, ನಾಯಿ ಬಾಯಿ ಹಾಕಿದ ಪಾತ್ರೆಯನ್ನು ಏಳು ಬಾರಿ ತೊಳೆಯಬೇಕು ಎಂಬುದೆಲ್ಲ ಹದೀಸ್‌ಗಳಲ್ಲಿ ಬಂದಿರುವ ವಿಷಯಗಳೇ. ಅದನ್ನು ಹಗುರವಾಗಿ ಕಾಣುವ ಹಾಗಿಲ್ಲ. ಕೊನೆಗೆ ಮಗ ಮಸೀದಿಯ ಉಸ್ತಾದರನ್ನು ಕೇಳಿಕೊಂಡು ಬಂದರು.

ಉಸ್ತಾದರು ವಿವರಿಸಿದ್ದು ಇಷ್ಟು. ಕಾರಣವಿಲ್ಲದೆ ನಾಯಿ ಸಾಕುವವರ ಪುಣ್ಯದಲ್ಲಿ ದಿನವೂ ಕಡಿತವಾಗುತ್ತದೆ ಎಂದು ಎಚ್ಚರಿಸಿದ ಹದೀಸ್‌ನಲ್ಲಿಯೇ ಬೇಟೆ, ಜಾನುವಾರು ಮತ್ತು ಬೇಸಾಯದ ಕಾವಲಿಗೆ ಸಾಕುವ ನಾಯಿಗೆ ವಿನಾಯಿತಿಯಿದೆ. ಬುಖಾರಿ ಗ್ರಂಥದ ಬೇಸಾಯದ ಅಧ್ಯಾಯದಲ್ಲಿಯೇ ಅದು ಬಂದಿದೆ. ಅನುಮತಿಯಿರುವ ಇಂತಹ ನಾಯಿಗಳಿಗೆ ಮಲಕ್‌ಗಳ ಕುರಿತ ಮಾತು ಅನ್ವಯಿಸುವುದಿಲ್ಲ ಎಂದು ಅಭಿಪ್ರಾಯಪಟ್ಟ ವಿದ್ವಾಂಸರೂ ಇದ್ದಾರೆ. ಇನ್ನು ಶುದ್ಧಿಯ ವಿಷಯ. ನಮ್ಮ ಕರಾವಳಿಯಲ್ಲಿ ಹೆಚ್ಚಿನವರು ಅನುಸರಿಸುವ ಶಾಫಿಈ ಮದ್‌ಹಬ್‌ನ ಪ್ರಕಾರ ನಾಯಿಯ ಒದ್ದೆ ತಾಗಿದ ಜಾಗವನ್ನು ಏಳು ಬಾರಿ ತೊಳೆಯಬೇಕು, ಅದರಲ್ಲಿ ಒಂದು ಬಾರಿ ಮಣ್ಣು ಬೆರೆಸಿದ ನೀರಿನಿಂದ. ಎರಡೂ ಒಣಗಿದ್ದರೆ ತೊಳೆಯಬೇಕಾಗಿಲ್ಲ. ಹನಫಿಗಳ ಪ್ರಕಾರ ನಾಯಿಯ ಜೊಲ್ಲು ಅಶುದ್ಧ, ಮೈ ತಾಗಿದ ಮಾತ್ರಕ್ಕೆ ಬಟ್ಟೆ ಅಶುದ್ಧವಾಗುವುದಿಲ್ಲ. ಮಾಲಿಕಿಗಳ ನಿಲುವು ಇನ್ನೂ ಸಡಿಲ.

"ಸರಿ, ತೋಟದಲ್ಲಿ ಇರಲಿ. ಜಗಲಿ ಹತ್ತಬಾರದು" ಎಂದರು ಅತ್ತೆ. ತೆಂಗಿನಕಾಯಿ ರಾಶಿ ಹಾಕುವ ಕೊಟ್ಟಿಗೆಯ ಮೂಲೆಯಲ್ಲಿ ಗೋಣಿ ಹಾಸಿ ಜಾಗ ಮಾಡಿದರು. ಊಟಕ್ಕೆ ಒಂದು ಹಳೆಯ ಅಲ್ಯೂಮಿನಿಯಂ ಪಾತ್ರೆ. ಅದು ಅಡುಗೆಮನೆಗೆ ಬರುವಂತಿಲ್ಲ, ಹೊರಗಿನ ನಲ್ಲಿಯಲ್ಲೇ ತೊಳೆಯಬೇಕು. ಬಣ್ಣ ಬಿಳಿಯಾದ್ದರಿಂದ ಮಕ್ಕಳು ಬೊಳ್ಳಿ ಎಂದು ಹೆಸರಿಟ್ಟರು.

ಮೊದಲ ಮೂರು ದಿನ ಬೊಳ್ಳಿ ಆ ಮೂಲೆ ಬಿಟ್ಟು ಕದಲಲಿಲ್ಲ. ಯಾರಾದರೂ ನೋಡುತ್ತಿದ್ದರೆ ಅನ್ನ ಮುಟ್ಟುತ್ತಿರಲಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಪಾತ್ರೆ ಖಾಲಿಯಾಗಿರುತ್ತಿತ್ತು. "ತಂದು ಹಾಕಿದರೂ ಉಪಕಾರ ಸ್ಮರಣೆ ಇಲ್ಲ" ಎಂದು ನೆರೆಯವರೊಬ್ಬರು ನಕ್ಕರು. ಆದರೆ ಬೀದಿಯಲ್ಲಿ ಕಲ್ಲೇಟು ತಿಂದ ಪ್ರಾಣಿ ಹೊಸ ಜಾಗದಲ್ಲಿ ಹೀಗೆಯೇ ಇರುತ್ತದೆ. ನಾಯಿಗಳನ್ನು ರಕ್ಷಿಸಿ ಮನೆ ಹುಡುಕಿಕೊಡುವವರಲ್ಲಿ ಒಂದು ಅಂದಾಜು ಲೆಕ್ಕವಿದೆ. ಗಾಬರಿ ಇಳಿಯಲು ಮೂರು ದಿನ, ಮನೆಯ ದಿನಚರಿ ತಿಳಿಯಲು ಮೂರು ವಾರ, ಇದು ನನ್ನ ಮನೆ ಎಂಬ ನಂಬಿಕೆ ಬರಲು ಮೂರು ತಿಂಗಳು. ಕೆಲವಕ್ಕೆ ಇನ್ನೂ ಹೆಚ್ಚು ಬೇಕಾಗುತ್ತದೆ.

ಒಂದು ಬೆಳಿಗ್ಗೆ ನನ್ನ ತಂಗಿ ಅಂಗಳ ಗುಡಿಸಲು ಹಿಡಿಸೂಡಿ ಎತ್ತಿಕೊಂಡಳು. ಅಷ್ಟೇ, ಬೊಳ್ಳಿ ನೆಲಕ್ಕೆ ಕುಸಿದು, ನಡುಗುತ್ತಾ, ಕುಳಿತಲ್ಲೇ ಮೂತ್ರ ಮಾಡಿಕೊಂಡಿತು. ಜಗಲಿಯಲ್ಲಿ ತಸ್ಬೀಹ್ ಹಿಡಿದು ಕುಳಿತಿದ್ದ ಅತ್ತೆ ಅದನ್ನು ನೋಡಿದರು. ಏನೂ ಹೇಳಲಿಲ್ಲ. ಮರುದಿನದಿಂದ ಕೊಟ್ಟಿಗೆಯ ಕಡೆ ಗುಡಿಸುವಾಗ ಹಿಡಿಸೂಡಿ ಎತ್ತಬೇಡ, ನೆಲಕ್ಕೇ ತಾಗಿಸಿ ಗುಡಿಸು ಎಂದು ಸೊಸೆಗೆ ಹೇಳಿದರಂತೆ.

ಸಹೋದರಿಯರೇ, ಪ್ರವಾದಿ(ಸ)ಯವರು ಇಬ್ಬರು ಹೆಂಗಸರ ವಿಷಯ ಹೇಳಿದ್ದಾರೆ. ಒಬ್ಬಳು ಬೆಕ್ಕನ್ನು ಕೂಡಿಹಾಕಿ, ತಾನೂ ತಿನ್ನಿಸದೆ, ಹುಡುಕಿ ತಿನ್ನಲೂ ಬಿಡದೆ ಸಾಯಿಸಿದಳು. ಅದಕ್ಕಾಗಿ ಶಿಕ್ಷೆಗೆ ಗುರಿಯಾದಳು. ಇನ್ನೊಬ್ಬಳು ಕೆಟ್ಟ ದಾರಿಯಲ್ಲಿ ನಡೆದವಳು. ಬಾಯಾರಿಕೆಯಿಂದ ಬಾವಿಯ ಸುತ್ತ ಸುಳಿಯುತ್ತಿದ್ದ ನಾಯಿಗೆ ತನ್ನ ಪಾದರಕ್ಷೆಯಲ್ಲಿ ನೀರೆತ್ತಿ ಕುಡಿಸಿದಳು. ಅಲ್ಲಾಹನು ಅವಳನ್ನು ಕ್ಷಮಿಸಿದನು. ಬಾವಿಗಿಳಿದು ನೀರು ತಂದು ನಾಯಿಗೆ ಕುಡಿಸಿದ ಪುರುಷನೊಬ್ಬನ ವಿಷಯವೂ ಹದೀಸ್‌ನಲ್ಲಿದೆ. ಪ್ರತಿಯೊಂದು ಜೀವಿಗೆ ಮಾಡುವ ಉಪಕಾರಕ್ಕೂ ಪ್ರತಿಫಲವಿದೆ ಎಂದು ಪ್ರವಾದಿ(ಸ)ಯವರು ಸಹಾಬಿಗಳಿಗೆ ತಿಳಿಸಿದ್ದು ಆ ಸಂದರ್ಭದಲ್ಲಿಯೇ. ಬಾವಿಗೆ ಬಿದ್ದ ನಾಯಿಯನ್ನು ಮೇಲೆತ್ತಲು ಹಗ್ಗದ ಸಹಾಯದಿಂದ ತಾವೇ ಇಳಿದ ಮಂಗಳೂರಿನ ರಜನಿ ಶೆಟ್ಟಿಯವರ ಸುದ್ದಿ ಓದಿದಾಗ ನನಗೆ ಈ ಹದೀಸ್ ನೆನಪಾಗಿತ್ತು.

ಶುಕ್ರವಾರ ನಾವು ಓದುವ ಸೂರಃ ಅಲ್‌ಕಹ್ಫ್‌ನಲ್ಲಿಯೂ ಒಂದು ನಾಯಿಯಿದೆ. ವಿಶ್ವಾಸ ಉಳಿಸಿಕೊಳ್ಳಲು ಗುಹೆ ಸೇರಿದ ಯುವಕರ ಜೊತೆಗೆ ಅದೂ ಹೋಯಿತು. ಗುಹೆಯ ಬಾಗಿಲಲ್ಲಿ ಮುಂಗಾಲು ಚಾಚಿ ಮಲಗಿತು. ಅದರ ಜಾಗ ಹೊಸ್ತಿಲಲ್ಲಿ. ಆದರೂ ಆ ಯುವಕರ ಸಂಖ್ಯೆಯ ಕುರಿತು ಜನರಾಡಿದ ಮಾತುಗಳನ್ನು ಕುರ್‌ಆನ್ ಹೇಳುವಾಗ ಪ್ರತಿ ಬಾರಿಯೂ ನಾಯಿಯನ್ನು ಸೇರಿಸಿಯೇ ಹೇಳುತ್ತದೆ. ಹೊಸ್ತಿಲಿನ ಆಚೆ ಇಟ್ಟ ಜೀವವನ್ನು ಮನಸ್ಸಿನ ಆಚೆಗೆ ತಳ್ಳಬೇಕಾಗಿಲ್ಲ. ಶುದ್ಧಿಯ ನಿಯಮ ಬೇರೆ, ದ್ವೇಷ ಬೇರೆ. ನಾವು ಎಷ್ಟೋ ಸಲ ಮೊದಲನೆಯದರ ಹೆಸರಿನಲ್ಲಿ ಮಕ್ಕಳಿಗೆ ಎರಡನೆಯದನ್ನು ಕಲಿಸುತ್ತೇವೆ. ನಾಯಿ ಕಂಡ ಕೂಡಲೇ ಕಲ್ಲು ಹೆಕ್ಕುವ ಮಗುವಿಗೆ ಯಾವ ಮದ್‌ಹಬ್‌ನಲ್ಲಿಯೂ ಸಮರ್ಥನೆಯಿಲ್ಲ.

ತೋಟಕ್ಕೆ ಇಂತಹ ನಾಯಿಯನ್ನು ತರುವವರು ಕೆಲವು ವಿಷಯ ತಿಳಿದಿರಬೇಕು. ತಂದ ಕೂಡಲೇ ಪಶು ವೈದ್ಯರಿಗೆ ತೋರಿಸಿ. ರೇಬೀಸ್ ಲಸಿಕೆ, ಹುಳದ ಔಷಧಿ, ಉಣ್ಣಿಗೆ ಔಷಧಿ ಆಗಬೇಕು. ವೈದ್ಯರು ಹೇಳಿದ ಸಮಯಕ್ಕೆ ಲಸಿಕೆಯನ್ನು ಮರೆಯದೆ ಪುನಃ ಹಾಕಿಸಬೇಕು. ಹೆಣ್ಣು ನಾಯಿಯಾದರೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ. ನಾಯಿಯ ಗರ್ಭಧಾರಣೆಯ ಅವಧಿ ಸುಮಾರು 63 ದಿನ ಮಾತ್ರ. ನೋಡನೋಡುತ್ತಾ ಇನ್ನಷ್ಟು ಮರಿಗಳು ಗೋಣಿಚೀಲ ಸೇರುವ ಸ್ಥಿತಿ ಬರುತ್ತದೆ. ಆಡು, ಕೋಳಿಗಳ ಮುಂದೆ ಒಮ್ಮೆಲೇ ಬಿಡಬೇಡಿ. ಮೊದಲ ವಾರಗಳಲ್ಲಿ ಹಗ್ಗ ಹಿಡಿದು, ಬೇಲಿಯ ಹೊರಗಿನಿಂದ ತೋರಿಸಿ ರೂಢಿ ಮಾಡಿಸಿ. ಊಟ ದಿನವೂ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿರಲಿ. ಕುಚ್ಚಲಕ್ಕಿ ಅನ್ನಕ್ಕೆ ಬೇಯಿಸಿದ ಮೀನನ್ನು ಮುಳ್ಳು ತೆಗೆದು ಬೆರೆಸಿದರೆ ಸಾಕು. ಈರುಳ್ಳಿ, ಬೆಳ್ಳುಳ್ಳಿ, ಚಾಕಲೇಟ್ ಅದಕ್ಕೆ ವಿಷ. ಬೇಯಿಸಿದ ಕೋಳಿ ಮೂಳೆ ಸೀಳಿ ಗಂಟಲಿಗೆ, ಕರುಳಿಗೆ ಚುಚ್ಚುತ್ತದೆ. ರಾತ್ರಿ ಭದ್ರವಾದ ಗೂಡು ಬೇಕು. ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಚಿರತೆ ಅಂಗಳದಿಂದಲೇ ನಾಯಿಯನ್ನು ಒಯ್ಯುವುದುಂಟು. ಊಟ ಮಾಡುವಾಗ, ಮಲಗಿರುವಾಗ ಅದನ್ನು ಕೆಣಕಬಾರದೆಂದು ಮಕ್ಕಳಿಗೆ ಹೇಳಿಕೊಡಿ.

ನಾಯಿಯ ಭಯ ಸುಳ್ಳಲ್ಲ. ರೇಬೀಸ್ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಹೆಚ್ಚುಕಡಿಮೆ ಅಸಾಧ್ಯ. ಯಾವುದೇ ನಾಯಿ ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಅರಸಿನ, ಸುಣ್ಣ, ಮೆಣಸಿನ ಪುಡಿ ಹಚ್ಚಬೇಡಿ. ತಡಮಾಡದೆ ಆಸ್ಪತ್ರೆಗೆ ಹೋಗಿ, ಲಸಿಕೆಯ ಎಲ್ಲ ಸುತ್ತುಗಳನ್ನೂ ಪೂರ್ತಿ ಮಾಡಿ. ಬೀದಿನಾಯಿಗಳ ವಿಷಯ 2025ರಲ್ಲಿ ಸುಪ್ರೀಂ ಕೋರ್ಟ್‌ವರೆಗೂ ಹೋಗಿ ದೇಶವೆಲ್ಲ ಚರ್ಚೆಯಾಯಿತು. ದೆಹಲಿಯ ಬೀದಿನಾಯಿಗಳನ್ನೆಲ್ಲ ಹಿಡಿದು ಕೂಡಿಹಾಕಬೇಕೆಂದು ಆಗಸ್ಟ್ 11ರಂದು ಬಂದ ಆದೇಶ ಆಗಸ್ಟ್ 22ರಂದು ಬದಲಾಯಿತು. ಸಂತಾನಹರಣ ಮಾಡಿ, ಲಸಿಕೆ ಹಾಕಿ ಮೊದಲಿನ ಜಾಗದಲ್ಲೇ ಬಿಡಬೇಕು, ರೇಬೀಸ್ ಇರುವ ಮತ್ತು ಆಕ್ರಮಣ ಮಾಡುವ ನಾಯಿಗಳನ್ನು ಬಿಡಬಾರದು ಎಂದು ನ್ಯಾಯಾಲಯ ಹೇಳಿತು. ಕಾನೂನು ತನ್ನ ಕೆಲಸ ಮಾಡಲಿ. ಸಾಕಿದ್ದನ್ನು ಬೀದಿಗೆ ಬಿಡದಿರುವುದು ಮಾತ್ರ ನಮ್ಮ ನಮ್ಮ ಮನೆಯಲ್ಲೇ ತೀರ್ಮಾನವಾಗಬೇಕಾದ ವಿಷಯ.

ಮೊನ್ನೆ ಕೆಮ್ಮಣ್ಣಿಗೆ ಹೋಗಿದ್ದೆ. ಬೊಳ್ಳಿಯ ಕಾಲು ಇನ್ನೂ ಸ್ವಲ್ಪ ಕುಂಟುತ್ತದೆ. ಕೋಳಿಗಳು ಅದರ ಬಾಲದ ಪಕ್ಕದಲ್ಲೇ ಮಣ್ಣು ಕೆದಕುತ್ತಿದ್ದವು. ಅದು ಜಗಲಿಯ ಕೆಳಗಿನ ಮೆಟ್ಟಿಲ ಬಳಿ ಮುಂಗಾಲು ಚಾಚಿ ಮಲಗಿತ್ತು. ಮೇಲೆ ಹತ್ತಿದ್ದನ್ನು ಯಾರೂ ನೋಡಿಲ್ಲವಂತೆ.

ಎರಡು ದಿನದ ಮದುವೆಗೆ ಎಲ್ಲರೂ ಭಟ್ಕಳಕ್ಕೆ ಹೊರಡುವ ಮಾತು ನಡೆಯುತ್ತಿತ್ತು. ಹಸು, ಆಡುಗಳನ್ನು ನೋಡಿಕೊಳ್ಳಲು ಕೆಲಸದವರಿಗೆ ಹೇಳಿಯಾಗಿತ್ತು. ಆಗ ಅತ್ತೆ ಕೇಳಿದರು:

"ಬೊಳ್ಳಿಗೆ ಅನ್ನ ಹಾಕುವವರು ಯಾರು? ಅದು ಹೊಸಬರು ನೋಡುತ್ತಿದ್ದರೆ ತಿನ್ನುವುದಿಲ್ಲ. ನೀವು ಹೋಗಿ ಬನ್ನಿ, ನಾನು ಇರುತ್ತೇನೆ."

ತಂಗಿ ನನ್ನ ಮುಖ ನೋಡಿದಳು. ನಾನು ಮಾತನಾಡಲಿಲ್ಲ. ಮಗ್ರಿಬ್ ಬಾಂಗ್ ಕೇಳಿಸಿತು. ಅತ್ತೆ ಎದ್ದು ವುಝೂ ಮಾಡಲು ಒಳಗೆ ಹೋದರು. ಬೊಳ್ಳಿ ಮೆಟ್ಟಿಲ ಬಳಿಯೇ ಉಳಿಯಿತು.