ನಿಮ್ಮ ಚುಚ್ಚುಮದ್ದಿನ ಕಾರ್ಡ್ ನೋಡಿದ್ದೀರಾ?

2017ರ ಫೆಬ್ರುವರಿಯಲ್ಲಿ ನಾನು ಮೂರನೇ ತರಗತಿಯಲ್ಲಿದ್ದೆ. ಶಾಲೆಯಲ್ಲಿ ದಡಾರ-ರುಬೆಲ್ಲಾ ಲಸಿಕೆ ಹಾಕುವ ದಿನ ಅಮ್ಮಿ ನನ್ನನ್ನೂ ಆಪಾಳನ್ನೂ ಮನೆಯಲ್ಲೇ ಉಳಿಸಿಕೊಂಡರು. ಈ ಲಸಿಕೆ ಹಾಕಿಸಿದರೆ ಮುಂದೆ ಮಕ್ಕಳಾಗುವುದಿಲ್ಲ ಎಂಬ ವಾಟ್ಸ್‌ಆ್ಯಪ್ ಸಂದೇಶ ಓಣಿಯಲ್ಲೆಲ್ಲ ಹರಿದಾಡಿತ್ತು. ನನಗೋ ರಜೆ ಸಿಕ್ಕ ಖುಷಿ.

ಮೊನ್ನೆ ದಾಖಲೆ ಹುಡುಕುವಾಗ ನನ್ನ ಚುಚ್ಚುಮದ್ದಿನ ಕಾರ್ಡ್ ಸಿಕ್ಕಿತು. ಒಂಬತ್ತನೇ ತಿಂಗಳಲ್ಲಿ ದಡಾರಕ್ಕೆ ಒಂದು ಡೋಸ್, ಅಷ್ಟೇ. ನಾನು ಹುಟ್ಟಿದ 2008ರಲ್ಲಿ ಸರ್ಕಾರಿ ಪಟ್ಟಿಯಲ್ಲಿ ಇದ್ದದ್ದೂ ಅಷ್ಟೇ. ಎರಡನೇ ಡೋಸ್ ಶುರುವಾದದ್ದು 2010ರಲ್ಲಿ, ರುಬೆಲ್ಲಾ ಸೇರಿದ್ದು 2017ರ ಆ ಅಭಿಯಾನದಲ್ಲಿ. ಅಂದು ತಪ್ಪಿಸಿಕೊಂಡ ನಮ್ಮ ವಯಸ್ಸಿನವರು ಬೇರೆಡೆ ಎಂಎಂಆರ್ ಹಾಕಿಸಿರದಿದ್ದರೆ ಲೆಕ್ಕ ಇನ್ನೂ ಬಾಕಿ ಇದೆ.

"ದಡಾರ ಚಿಕ್ಕ ಮಕ್ಕಳಿಗೆ ಬರೋದಲ್ವಾ?" ಎಂದಳು ಗೆಳತಿ. 2007ರಲ್ಲಿ ಜಪಾನಿನಲ್ಲಿ ಅದು ಹರಡಿದ್ದು ಹದಿಹರೆಯದವರಲ್ಲಿ, ಇಪ್ಪತ್ತರ ಆಸುಪಾಸಿನವರಲ್ಲಿ. ವಾಸೆಡಾ ಸೇರಿದಂತೆ ಹಲವು ವಿಶ್ವವಿದ್ಯಾಲಯಗಳು ತರಗತಿ ನಿಲ್ಲಿಸಬೇಕಾಯಿತು. ಲಸಿಕೆ ಹಾಕಿಸದವರು, ಒಂದೇ ಡೋಸ್ ಪಡೆದವರು ಅಲ್ಲಿ ಬಹಳ ಮಂದಿ ಇದ್ದರು. ಮರುವರ್ಷದಿಂದ ಐದು ವರ್ಷ ಅಲ್ಲಿನ ಸರ್ಕಾರ 13 ಮತ್ತು 18ರ ವಯಸ್ಸಿನವರಿಗೆ ಮತ್ತೊಂದು ಡೋಸ್ ಕೊಟ್ಟಿತು. ರೋಗಿ ಎದ್ದುಹೋದ ಮೇಲೂ ದಡಾರದ ವೈರಸ್ ಎರಡು ಗಂಟೆಯವರೆಗೆ ಗಾಳಿಯಲ್ಲಿರಬಲ್ಲದು. ನಾವು ಒಂದು ಬೆಂಚಿಗೆ ನಾಲ್ವರು ಕೂರುವವರು.

ರುಬೆಲ್ಲಾ ನಮಗೆ ಬಂದರೆ ಸಾಮಾನ್ಯವಾಗಿ ಮೂರು ದಿನದ ದದ್ದು. ಗರ್ಭಿಣಿಗೆ ಮೊದಲ ತಿಂಗಳುಗಳಲ್ಲಿ ತಗುಲಿದರೆ ಮಗುವಿನ ಕಿವಿ, ಕಣ್ಣು, ಹೃದಯಕ್ಕೆ ಪೆಟ್ಟು ಬೀಳಬಹುದು. ಆಪಾ ಈಗ ಮೂರು ತಿಂಗಳ ಗರ್ಭಿಣಿ. ಗರ್ಭಿಣಿಯರಿಗೆ ಈ ಲಸಿಕೆ ಕೊಡುವಂತಿಲ್ಲ. ಮಕ್ಕಳಾಗುವುದಿಲ್ಲವೆಂದು ಹೆದರಿ ಬಿಟ್ಟೆವಲ್ಲ, ಹುಟ್ಟುವ ಮಗುವನ್ನು ಕಾಯುವುದು ಅದೇ ಲಸಿಕೆ.

ನಾನು ಅಮ್ಮಿಯನ್ನು ದೂರುವುದಿಲ್ಲ. ಶಾಲೆಯ ಚೀಟಿ ಕನ್ನಡದಲ್ಲಿತ್ತು, ವದಂತಿ ಉರ್ದುವಿನಲ್ಲಿ ಬಂತು. ಅವರಿಗೆ ಅರ್ಥವಾದದ್ದನ್ನು ಅವರು ನಂಬಿದರು. ಈಗ ಎರಡೂ ಭಾಷೆ ಬಲ್ಲ ನಾವಿದ್ದೇವೆ. ಮನೆಯಲ್ಲಿ ಕುಳಿತು ಹೇಳುವ ಕೆಲಸ ನಮ್ಮದು. ಕಾಲೇಜು ಒಂದು ದಿನ ವೈದ್ಯರನ್ನು ಕರೆಸಿ ಎಲ್ಲರ ಕಾರ್ಡ್ ನೋಡಿಸಲಿ, ಪೋಷಕರಿಗೆ ಕೊಡುವ ಚೀಟಿ ಎರಡು ಭಾಷೆಯಲ್ಲೂ ಇರಲಿ ಎಂಬುದು ನನ್ನ ವಿನಂತಿ.

ಕಾರ್ಡ್ ಕಳೆದುಹೋಗಿದ್ದರೂ ಚಿಂತೆಯಿಲ್ಲ, ವೈದ್ಯರನ್ನು ಕೇಳಿ. ಮೊದಲೇ ಹಾಕಿಸಿಕೊಂಡಿದ್ದವರಿಗೆ ಇನ್ನೊಂದು ಡೋಸಿನಿಂದ ತೊಂದರೆಯಿಲ್ಲ.

ಭಾನುವಾರ ಅಮ್ಮಿಗೆ ಇಷ್ಟನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕಾರ್ಡ್ ತೆಗೆದು ತಮ್ಮ ಪರ್ಸಿನಲ್ಲಿಟ್ಟುಕೊಂಡರು. ಈ ಶನಿವಾರ ಇಬ್ಬರೂ ಡಾಕ್ಟರ ಬಳಿ ಹೋಗುತ್ತಿದ್ದೇವೆ.